ಗುಂಡಿಗಿಳಿಯುವ ಮೊದಲು ಆಕ್ಸಿಜನ್ ಮೀಟರನ್ನು ಪರೀಕ್ಷಿಸಿರಿ

(ತಾಳವಾಡಿಯಲ್ಲಿ ನಡೆದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಸಲ ಕೂಲಿಯ ಮಾತನ್ನಾಗಲಿ ಪಿ.ಎಫ್. ಮಾತನ್ನಾಗಲಿ ಎತ್ತದೆ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದಾದ ಒಂದು ಯಂತ್ರದ ವಿಷಯ ಮಾತಾಡಬೇಕೆಂದು ನಾವು ನಿಶ್ಚಯಿಸಿದ್ದೇವೆ. ತೋಟದ ಕೆಲಸಗಾರರಿಗೆ ಇದೇಕೆ ಎಂದು ಹಿರಿಯರು ಕೇಳಬಹುದು. ತೋಟದಲ್ಲಿ ಕೆಲಸ ಕಡಿಮೆಯಾದ ತಿಂಗಳುಗಳಲ್ಲಿ ನಮ್ಮ ಹುಡುಗರು ದಿಂಬಂ ಘಾಟಿ ಇಳಿದು ಸತ್ಯಮಂಗಲದ ಮೇಲೆ ಪೆರುಂದುರೈಗೂ ತಿರುಪ್ಪೂರಿಗೂ ಹೋಗುತ್ತಿರುವುದು ತಮಗೆಲ್ಲ ತಿಳಿದೇ ಇದೆ. ಅಲ್ಲಿ ಬಣ್ಣ ಹಾಕುವ ಕಾರ್ಖಾನೆಗಳಲ್ಲಿ ಕೊಳಚೆ ನೀರಿನ ತೊಟ್ಟಿಗಳನ್ನು ತೊಳೆಯುವ ಕೆಲಸ ಬರುತ್ತದೆ. ಮಿಲ್ಲು ನಿಂತಿರುವ ಹಬ್ಬದ ರಜೆಯಲ್ಲಿ, ಮೇಲಧಿಕಾರಿಗಳು ಊರಿಗೆ ಹೋಗಿರುವಾಗ ಈ ಕೆಲಸ ಬರುವುದುಂಟು; ದಿನದ ಕೂಲಿಗಿಂತ ಹೆಚ್ಚು ದುಡ್ಡು ಸಿಗುತ್ತದೆ. ಹೊಸದಾಗಿ ಹೋದ ಹುಡುಗ ಬೇಡವೆನ್ನುವುದಿಲ್ಲ.

2014ರ ಮಾರ್ಚ್ ತಿಂಗಳಲ್ಲಿ ನಮ್ಮ ಈರೋಡ್ ಜಿಲ್ಲೆಯಲ್ಲೇ, ಪೆರುಂದುರೈ ಸಿಪ್ಕಾಟ್‌ನಲ್ಲಿ, ಇಂಥ ತೊಟ್ಟಿಯನ್ನು ಶುಚಿ ಮಾಡುವ ಕೆಲಸದಲ್ಲಿ ವಿಷಾನಿಲಕ್ಕೆ ಸಿಕ್ಕಿ ಏಳು ಮಂದಿ ಕಾರ್ಮಿಕರು ಸತ್ತರು. ಒಂದು ತೊಟ್ಟಿಯ ಕೆಲಸಕ್ಕೆ ಏಳು ಹೆಣ. ಇಂಥ ಕಡೆ ಸಾಮಾನ್ಯವಾಗಿ ನಡೆಯುವುದನ್ನು ಬಲ್ಲವರು ಬಲ್ಲರು: ಮೊದಲು ಒಬ್ಬ ಬೀಳುತ್ತಾನೆ, ಅವನನ್ನು ಎತ್ತಲು ಇನ್ನೊಬ್ಬ ಧುಮುಕುತ್ತಾನೆ, ಆಮೇಲೆ ಮತ್ತೊಬ್ಬ. ಬಿದ್ದವನು ಜೊತೆಯವನು; ನೋಡುತ್ತಾ ನಿಲ್ಲಲು ಯಾರಿಗೂ ಮನಸ್ಸು ಬರುವುದಿಲ್ಲ.

ಈಗ ಕೆಲವು ಕಡೆ ಮೇಸ್ತ್ರಿಯ ಕೈಯಲ್ಲಿ ಒಂದು ಮೀಟರ್ ಇರುತ್ತದೆ. ‘ಮೀಟರ್ ಇದೆ, ಭಯ ಬೇಡ’ ಎನ್ನುತ್ತಾರೆ. ಮೀಟರ್ ಇರುವುದು ಒಳ್ಳೆಯದೇ, ನಾವು ಕೇಳಿ ಕೇಳಿ ಬಂದದ್ದೇ. ಆದರೆ ಸತ್ತ ಮೀಟರು ಮೀಟರೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಇಲ್ಲದಿದ್ದರೆ ಭಯವಾದರೂ ಇರುತ್ತದೆ. ಆದಕಾರಣ ಅದು ಬದುಕಿದೆಯೋ ಸತ್ತಿದೆಯೋ, ನಿಜ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ ಎಂದು ತಿಳಿಯುವ ಬಗೆಯನ್ನು ಇಲ್ಲಿ ಹೇಳುತ್ತೇವೆ. ಓದು ಬಾರದವರಿಗೂ ಇದು ಬರುತ್ತದೆ. ಅಂಕಿ ಗುರುತಿಸಿದರೆ ಸಾಕು.

ಮೊದಲು ಗಾಳಿಯ ಮಾತು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 20.9 ಪಾಲು ಆಮ್ಲಜನಕ, ಅಂದರೆ ಆಕ್ಸಿಜನ್. ಈ ಅಂಕಿಯನ್ನು ನಿಮ್ಮ ಮನೆಬಾಗಿಲ ನಂಬರಿನಂತೆ ನೆನಪಿಡಿರಿ. 19.5ಕ್ಕೆ ಇಳಿದರೆ ಮೀಟರು ಕೂಗಬೇಕು. 16ರ ಆಸುಪಾಸಿನಲ್ಲಿ ಎದೆ ಹೊಡೆದುಕೊಳ್ಳುತ್ತದೆ, ಬುದ್ಧಿ ಮಂಕಾಗುತ್ತದೆ. ತಾನು ಮೇಲೆ ಬರಬೇಕೆಂಬುದೇ ಮನುಷ್ಯನಿಗೆ ಹೊಳೆಯುವುದಿಲ್ಲ. 10ಕ್ಕಿಂತ ಕೆಳಗೆ ಪ್ರಜ್ಞೆ ತಪ್ಪುತ್ತದೆ. 6ಕ್ಕಿಂತ ಕೆಳಗೆ ಒಂದೆರಡು ಉಸಿರಿಗೇ ಕುಸಿಯುತ್ತಾನೆ, ಕೆಲವೇ ನಿಮಿಷದಲ್ಲಿ ಪ್ರಾಣ ಹೋಗುತ್ತದೆ.

ನಮ್ಮ ಸೀಮೆಯ ಹಿರಿಯರಿಗೆ ಇದು ಹೊಸ ಮಾತಲ್ಲ. ರಾಗಿ ತುಂಬಿದ ಹಗೇವನ್ನು ತೆಗೆದ ದಿನವೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಮುಚ್ಚಿದ ಹಗೇವಿನಲ್ಲಿ ಕಾಳೂ ಉಸಿರಾಡುತ್ತದೆ, ಹುಳವೂ ಉಸಿರಾಡುತ್ತದೆ. ಇದ್ದ ಆಮ್ಲಜನಕವನ್ನೆಲ್ಲ ಅವೇ ತಿಂದು ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ. ಅದು ಗಾಳಿಗಿಂತ ಒಂದೂವರೆ ಪಾಲು ಭಾರ, ತಳದಲ್ಲೇ ಕೂತಿರುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಕೊಳೆಯುವ ಗುಂಡಿ, ಪಾಳುಬಾವಿ, ಗೋಬರ್ ಗ್ಯಾಸಿನ ತೊಟ್ಟಿ, ಮಲದ ಗುಂಡಿ ಎಲ್ಲದರಲ್ಲೂ ಇದೇ ಕತೆ.

ಹಾಗಾದರೆ ದೀಪವೇ ಸಾಲದೇ ಎಂದು ಒಬ್ಬ ಹಿರಿಯರು ಕೇಳಿದರು. ಸಾಲದು. ದೀಪ ಆರುವುದು 16ರ ಸುತ್ತಮುತ್ತ. ಅಷ್ಟರೊಳಗೆ ಮನುಷ್ಯನ ಬುದ್ಧಿ ಆಗಲೇ ಮಂಕಾಗಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೊಳೆತ ತೊಟ್ಟಿಯಲ್ಲಿ ಮೀಥೇನ್ ಇರುತ್ತದೆ. ಬೆಂಕಿ ತೋರಿಸಿದರೆ ಸಿಡಿಯುತ್ತದೆ. ಕಲ್ಲಿದ್ದಲ ಗಣಿಗಳಲ್ಲಿ ಇದೇ ಕಾರಣಕ್ಕೆ ಎಷ್ಟೋ ಜನ ಸತ್ತ ಮೇಲೆ, 1815ರಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿ ಸಣ್ಣ ಕಣ್ಣಿನ ತಂತಿ ಬಲೆ ಸುತ್ತಿದ ದೀಪವನ್ನು ಮಾಡಿದರು. ಹಗೇವಿಗೆ ದೀಪ ಸರಿ, ಕಾರ್ಖಾನೆಯ ತೊಟ್ಟಿಗೆ ಬೇಡವೇ ಬೇಡ.

ಇನ್ನು ಮೀಟರಿನ ಹೊಟ್ಟೆಯಲ್ಲೇನಿದೆ? ಬಹುಪಾಲು ಮೀಟರುಗಳಲ್ಲಿ ಒಂದು ಸಣ್ಣ ಬಿಲ್ಲೆ ಇರುತ್ತದೆ, ಸೆನ್ಸರ್ ಎನ್ನುತ್ತಾರೆ. ಟಾರ್ಚಿನ ಸೆಲ್ಲಿನಂತೆ ಅದೂ ಒಂದು ಸೆಲ್ಲೇ. ಒಳಗೆ ಸೀಸವಿರುತ್ತದೆ, ಆಮ್ಲಜನಕ ತಾಗಿದಂತೆಲ್ಲ ಸೀಸ ಸವೆದು ವಿದ್ಯುತ್ ಹುಟ್ಟುತ್ತದೆ, ಆ ವಿದ್ಯುತ್ತನ್ನು ಅಳೆದು ಅಂಕಿ ತೋರಿಸುತ್ತದೆ. ಗಮನಿಸಿರಿ: ಗಾಳಿಯಲ್ಲಿ ಆಮ್ಲಜನಕ ಯಾವಾಗಲೂ ಇರುವುದರಿಂದ ಮೀಟರನ್ನು ಬೀರುವಿನಲ್ಲಿ ಪೂಜೆಗಿಟ್ಟಂತೆ ಇಟ್ಟರೂ ಸೀಸ ಸವೆಯುತ್ತಲೇ ಇರುತ್ತದೆ. ಇಂಥ ಸೆಲ್ಲಿನ ಆಯುಸ್ಸು ಸುಮಾರು ಎರಡು ವರ್ಷ. ಸೀಸವಿಲ್ಲದ ಹೊಸ ಬಗೆಯವು ಹೆಚ್ಚು ಕಾಲ ಬಾಳುತ್ತವೆ, ಆದರೂ ಅವಕ್ಕೂ ಕೊನೆಯುಂಟು. ‘ಇದು ಹೊಸದು, ಬಳಸೇ ಇಲ್ಲ’ ಎಂಬ ಮಾತಿಗೆ ಬೆಲೆಯಿಲ್ಲ. ಸೆನ್ಸರ್ ಬದಲಿಸಿದ ತಾರೀಖು ಯಾವುದು, ಕೊನೆಯ ಸಲ ಗ್ಯಾಸ್ ಹಾಯಿಸಿ ಸರಿಪಡಿಸಿದ್ದು ಯಾವಾಗ, ಎರಡನ್ನೂ ಕೇಳಿರಿ. ಅದರ ಚೀಟಿಯನ್ನು ಮೀಟರಿನ ಬೆನ್ನಿಗೆ ಅಂಟಿಸಿರುವುದು ಒಳ್ಳೆಯ ಪದ್ಧತಿ.

ಮೀಟರ್ ಕೈಗೆ ಬಂದ ಕೂಡಲೇ ಬಯಲಿಗೆ ಹೋಗಿರಿ. ಗುಂಡಿಯ ಬಾಯಿಯಿಂದ ದೂರ, ಲಾರಿ ಹೊಗೆಯಿಂದ ದೂರ, ಜನರೇಟರಿನಿಂದ ದೂರ. ಅಲ್ಲಿ ಅದು 20.9 ತೋರಿಸಬೇಕು. 20.7 ಎಂದೋ 21.1 ಎಂದೋ ತೋರಿಸಿದರೆ ಬಯಲಲ್ಲೇ ನಿಂತು ಗುಂಡಿ ಒತ್ತಿ 20.9ಕ್ಕೆ ಹೊಂದಿಸಬಹುದು; ಮೀಟರಿನಲ್ಲಿ ಅದಕ್ಕೆ ಅನುಕೂಲವಿದೆ. 19 ಎಂದೋ 22 ಎಂದೋ ತೋರಿಸಿದರೆ ಸುಮ್ಮನೆ ಹೊಂದಿಸಿ ಮುಂದುವರಿಯಬಾರದು, ಅದಕ್ಕೇನಾಗಿದೆ ಎಂದು ನೋಡಬೇಕು. ಅಂಕಿ ಒಂದು ಕಡೆ ನಿಲ್ಲದೆ ಕುಣಿಯುತ್ತಿದ್ದರೆ ಬ್ಯಾಟರಿ ಇಳಿದಿರಬಹುದು, ಸೆನ್ಸರಿನ ಕಾಲು ಸಡಿಲವಿರಬಹುದು, ಇಲ್ಲವೇ ಒಳಗೆ ನೀರು ಹೋಗಿರಬಹುದು.

ಇಲ್ಲೇ ದೊಡ್ಡ ಮೋಸ ಆಗುವುದು. ಬಯಲಿಗೆ ಹೋಗಲು ಸೋಮಾರಿತನವಾಗಿ, ಗುಂಡಿಯ ಬಾಯಲ್ಲೇ ನಿಂತು ‘ಹೊಂದಿಸು’ ಗುಂಡಿ ಒತ್ತಿಬಿಡುವವರಿದ್ದಾರೆ. ಅಲ್ಲಿನ ಗಾಳಿಯಲ್ಲಿ 19.7 ಇದ್ದರೆ ಮೀಟರು ಅದನ್ನೇ 20.9 ಎಂದು ನಂಬುತ್ತದೆ. ಆ ದಿನವಿಡೀ ಅದು ತೋರಿಸುವುದೆಲ್ಲ ಹೆಚ್ಚಿನ ಲೆಕ್ಕ. ತಕ್ಕಡಿಯ ತಟ್ಟೆಗೆ ಮೊದಲೇ ಕಲ್ಲಿಟ್ಟು ತೂಗಿದಂತೆ. ತೂಕ ತಪ್ಪಿದರೆ ದುಡ್ಡು ಹೋಗುತ್ತದೆ, ಇಲ್ಲಿ ಹೋಗುವುದು ಪ್ರಾಣ.

ಬಯಲಲ್ಲಿ 20.9 ತೋರಿಸಿದ ಮಾತ್ರಕ್ಕೆ ನಂಬಬಹುದೇ? ಇಲ್ಲ. ನಿಂತ ಗಡಿಯಾರವೂ ದಿನಕ್ಕೆರಡು ಸಲ ಸರಿ ಹೊತ್ತು ತೋರಿಸುತ್ತದೆ. ಅಂಕಿ ಇಳಿಯಬೇಕಾದಾಗ ಇಳಿಯುತ್ತದೆಯೋ ಎಂಬುದೇ ಪರೀಕ್ಷೆ. ನಾವು ಒಳಗೆ ಎಳೆದುಕೊಂಡು ಬಿಡುವ ಉಸಿರಿನಲ್ಲಿ ಆಮ್ಲಜನಕ ಸುಮಾರು 16ರಿಂದ 17 ಪಾಲು ಮಾತ್ರ. ಆದ್ದರಿಂದ ಸ್ವಲ್ಪ ಹೊತ್ತು ಉಸಿರು ಹಿಡಿದು, ಸೆನ್ಸರಿನ ತೂತಿನ ಮೇಲೆ ನಿಧಾನವಾಗಿ, ಉದ್ದಕ್ಕೆ ಊದಿರಿ. ಅಂಕಿ 19.5ಕ್ಕಿಂತ ಕೆಳಗಿಳಿದು ಮೀಟರು ಕೂಗಬೇಕು, ಬೆಳಕು ಮಿನುಗಬೇಕು, ಕೈಯಲ್ಲಿ ನಡುಗಬೇಕು. ಊದುವುದನ್ನು ನಿಲ್ಲಿಸಿದರೆ ಒಂದು ನಿಮಿಷದೊಳಗಾಗಿ 20.9ಕ್ಕೆ ಮರಳಬೇಕು. ಇಳಿಯಲೇ ಇಲ್ಲವೇ? ತೂತು ಮುಚ್ಚಿಹೋಗಿದೆ, ಇಲ್ಲವೇ ಸೆನ್ಸರ್ ಸತ್ತಿದೆ. ಇಳಿದದ್ದು ಬಹಳ ಹೊತ್ತು ಮೇಲೇಳುವುದಿಲ್ಲವೇ? ಸೆನ್ಸರ್ ಮುದಿಯಾಗಿದೆ. ಅಂಕಿ ಇಳಿದರೂ ಕೂಗಲಿಲ್ಲವೇ? ಕೂಗುವ ಭಾಗ ಕೆಟ್ಟಿದೆ, ಅಥವಾ ಸದ್ದು ಸಹಿಸದ ಯಾರೋ ನಿಲ್ಲಿಸಿಟ್ಟಿದ್ದಾರೆ.

ಇದು ಬಡವರ ಪರೀಕ್ಷೆ, ಪೂರ್ತಿ ಪರೀಕ್ಷೆಯಲ್ಲ. ಅಳತೆ ಗೊತ್ತಿರುವ ಗ್ಯಾಸಿನ ಸಣ್ಣ ಸಿಲಿಂಡರಿನಿಂದ ಪ್ರತಿದಿನ ಕೆಲಸಕ್ಕೆ ಮೊದಲು ಹಾಯಿಸಿ ನೋಡುವುದೇ ಸರಿಯಾದ ಕ್ರಮ. ಬಂಪ್ ಟೆಸ್ಟ್ ಎಂದು ಅದರ ಹೆಸರು. ಆ ಸಿಲಿಂಡರಿಗೂ ವಾಯಿದೆ ಉಂಟು, ಅದನ್ನೂ ನೋಡಿರಿ.

ನಮ್ಮವರೇ ಒಬ್ಬ ಹುಡುಗ ಕೆಳಗಿನ ಒಂದು ಕಾರ್ಖಾನೆಯಲ್ಲಿ ಇದನ್ನು ಮಾಡಿ ನೋಡಿದ. ಮೇಸ್ತ್ರಿ ಮೀಟರನ್ನು ಹಗ್ಗಕ್ಕೆ ಕಟ್ಟಿ ತೊಟ್ಟಿಗೆ ಇಳಿಬಿಟ್ಟು ಮೇಲೆತ್ತಿ, ‘ನೋಡು, 20.9, ಇಳಿ’ ಎಂದರು. ಹುಡುಗ ಅದನ್ನು ಕೈಗೆ ತೆಗೆದುಕೊಂಡು ಊದಿದ. 20.9. ಮತ್ತೆ ಊದಿದ. 20.9. ಪಕ್ಕದಲ್ಲಿದ್ದ ಇನ್ನೊಬ್ಬನೂ ಊದಿದ, ಅಂಕಿ ಅಲ್ಲಾಡಲಿಲ್ಲ. ತೂತಿನ ಮೇಲಿನ ಬಿಳಿ ಶೋಧಕ ಬಣ್ಣದ ಕೆಸರು ಮೆತ್ತಿ ಒಣಗಿ ಕಲ್ಲಾಗಿತ್ತು. ಆ ದಿನ ಯಾರೂ ಇಳಿಯಲಿಲ್ಲ, ಅರ್ಧ ದಿನದ ಕೂಲಿ ಹೋಯಿತು, ಬೈಗುಳವೂ ಸಿಕ್ಕಿತು. ಮರುದಿನ ಬೇರೆ ಮೀಟರ್ ತರಿಸಿದಾಗ ಅದೇ ತೊಟ್ಟಿಯ ತಳದಲ್ಲಿ ಅದು ಕೂಗಿಕೊಂಡಿತು. ಹುಡುಗ ಈಗ ಇಲ್ಲೇ ಕೂತಿದ್ದಾನೆ. ಹೆಸರು ಹೇಳಬೇಡಿ ಎಂದಿದ್ದಾನೆ.

ಕೆಲವು ಮೀಟರುಗಳಿಗೆ ಪಂಪೂ ಉದ್ದನೆಯ ಕೊಳವೆಯೂ ಇರುತ್ತವೆ. ಮೇಲೆ ನಿಂತೇ ತಳದ ಗಾಳಿಯನ್ನು ಎಳೆದು ನೋಡಬಹುದು, ಇದು ಬಹಳ ಒಳ್ಳೆಯದು. ಆದರೆ ಕೊಳವೆಯಲ್ಲಿ ಸಣ್ಣ ಬಿರುಕಿದ್ದರೆ, ಜೋಡಣೆ ಸಡಿಲವಿದ್ದರೆ, ಅದು ತಳದ ಗಾಳಿಯ ಜೊತೆ ಮೇಲಿನ ಒಳ್ಳೆಯ ಗಾಳಿಯನ್ನೂ ಎಳೆಯುತ್ತದೆ. ಆಗಲೂ ಅಂಕಿ ಚೆನ್ನಾಗಿಯೇ ಕಾಣುತ್ತದೆ! ಪರೀಕ್ಷೆ ಸುಲಭ: ಕೊಳವೆಯ ತುದಿಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿರಿ. ಪಂಪು ಏದುಸಿರು ಬಿಟ್ಟು, ದಾರಿ ಕಟ್ಟಿದೆ ಎಂದು ಕೂಗಬೇಕು. ಆರಾಮವಾಗಿ ಓಡುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ. ಕೊಳವೆಯ ತುದಿ ಕೆಸರಿಗೆ ಮುಳುಗದಂತೆ ನೋಡಿಕೊಳ್ಳಿರಿ. ನೀರು ಎಳೆದರೆ ಶೋಧಕ ಕಟ್ಟಿಕೊಳ್ಳುತ್ತದೆ, ಸೆನ್ಸರೂ ಕೆಡುತ್ತದೆ. ತಳದ ಗಾಳಿ ಕೊಳವೆ ಹತ್ತಿ ಬರಲು ಹೊತ್ತು ಬೇಕು. ಇಳಿಬಿಟ್ಟ ಕೂಡಲೇ ಓದಿದರೆ ಓದಿದ್ದು ಮೇಲಿನ ಗಾಳಿಯನ್ನೇ. ಮೇಲೆ, ನಡುವೆ, ತಳದಲ್ಲಿ, ಮೂರು ಕಡೆ ನಿಲ್ಲಿಸಿ ಒಂದೊಂದು ಕಡೆ ಎರಡು ನಿಮಿಷವಾದರೂ ಕಾಯಬೇಕೆಂಬುದು ನಮ್ಮ ಕಟ್ಟಳೆ. ಕೊಳವೆ ಉದ್ದವಿದ್ದರೆ ಇನ್ನೂ ಹೆಚ್ಚು.

ಬಾಯ್ಲರ್ ಕೆಲಸದವರು ಚಿಮಣಿಗೆ ಜೋಡಿಸಿದ ಆಕ್ಸಿಜನ್ ಮೀಟರನ್ನು ನೋಡಿರುತ್ತೀರಿ. ಅದರ ಕೆಲಸ ಬೇರೆ, ಸೌದೆ ಕಲ್ಲಿದ್ದಲು ಸರಿಯಾಗಿ ಉರಿಯುತ್ತದೆಯೇ ಎಂದು ನೋಡುವುದು. ಆದರೆ ಅದಕ್ಕೂ ಇದೇ ರೋಗ: ಕೊಳವೆಯ ಜೋಡಣೆಯಲ್ಲಿ ಹೊರಗಾಳಿ ನುಗ್ಗಿದರೆ ಇಲ್ಲದ ಆಕ್ಸಿಜನ್ನನ್ನು ಇದೆ ಎನ್ನುತ್ತದೆ. ಅಂಕಿ ವಿನಾಕಾರಣ ಏರಿದರೆ ಮೊದಲು ಸೋರಿಕೆ ಹುಡುಕಿರಿ, ಆಮೇಲೆ ಮೀಟರನ್ನು ದೂರಿರಿ.

ಈಗ ನಮ್ಮ ಘಾಟಿಯ ಮಾತು. ದಿಂಬಂನ 27 ತಿರುವುಗಳನ್ನು ಹತ್ತುವಾಗ ಕಿವಿ ಮುಚ್ಚಿಕೊಳ್ಳುವುದಿಲ್ಲವೇ? ಗಾಳಿಯ ಒತ್ತಡ ಇಳಿಯುವುದರಿಂದ ಹಾಗಾಗುತ್ತದೆ. ಸಾವಿರ ಅಡಿಗೆ ನೂರಕ್ಕೆ ಸುಮಾರು ಮೂರೂವರೆ ಪಾಲು ಇಳಿಯುತ್ತದೆ. ಒತ್ತಡದ ಮೇಲೆ ಲೆಕ್ಕ ಹಾಕುವ ಬಗೆಯ ಸೆನ್ಸರುಗಳಿಗೂ ‘ಕಿವಿ ಮುಚ್ಚಿಕೊಳ್ಳುತ್ತದೆ’. ಸತ್ಯಮಂಗಲದಲ್ಲಿ 20.9ಕ್ಕೆ ಹೊಂದಿಸಿದ ಇಂಥ ಮೀಟರು ದಿಂಬಂ ಮೇಲೆ, ಬೆಟ್ಟದ ಒಳ್ಳೆಯ ಗಾಳಿಯಲ್ಲೇ, 19ರ ಹತ್ತಿರ ತೋರಿಸಿ ಕೂಗಬಹುದು. ಅದರಿಂದ ಪ್ರಾಣಕ್ಕೆ ಅಪಾಯವಿಲ್ಲ, ಹೊಸದಾಗಿ ಹೊಂದಿಸಿದರೆ ಸರಿಹೋಗುತ್ತದೆ. ಅಪಾಯವಿರುವುದು ಇದರ ತಿರುಗುಮುರುಗಿನಲ್ಲಿ. ಮೇಲೆ ಹೊಂದಿಸಿ ಕೆಳಗೆ ಒಯ್ದರೆ ಬಯಲಲ್ಲೇ 22 ದಾಟಿ ತೋರಿಸುತ್ತದೆ. ತೊಟ್ಟಿಯೊಳಗೆ ನಿಜವಾಗಿ 18 ಚಿಲ್ಲರೆ ಇದ್ದಾಗಲೂ 19.5ರ ಮೇಲೇ ತೋರಿಸಿ ಬಾಯಿ ಮುಚ್ಚಿಕೊಂಡಿರುತ್ತದೆ. ಎಲ್ಲ ಮೀಟರೂ ಹೀಗಲ್ಲ, ಬೆಟ್ಟ ಹತ್ತಿಳಿದರೂ ಬದಲಾಗದ ಬಗೆಯೂ ಇದೆ. ಯಾವುದೆಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಎಲ್ಲಿ ಕೆಲಸವೋ ಅಲ್ಲಿಯ ಬಯಲಲ್ಲೇ ಹೊಂದಿಸಿರಿ. ಮಂಜಿನ ಚಳಿಯಿಂದ ಬೆಚ್ಚನೆಯ ಕಾರ್ಖಾನೆಯೊಳಗೆ ತಂದ ಮೀಟರನ್ನೂ ಸ್ವಲ್ಪ ಹೊತ್ತು ಹಾಗೇ ಇಡಿರಿ. ಸೆನ್ಸರಿನ ಮೇಲೆ ನೀರ ಹನಿ ಕೂತರೆ ಅದರ ಉಸಿರೂ ಕಟ್ಟುತ್ತದೆ.

ಇಷ್ಟೆಲ್ಲ ಸರಿಯಾಗಿ, ಮೀಟರು ನಿಜವನ್ನೇ ಹೇಳಿ, ತಳದಲ್ಲೂ 20.9 ಬಂತೆನ್ನಿ. ಆಗಲೂ ಇಳಿಯಬಹುದೆಂದು ನಾವು ಹೇಳುವುದಿಲ್ಲ. ಇದನ್ನು ನಿಧಾನವಾಗಿ ಕೇಳಿರಿ. ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಮಲದ ಗುಂಡಿಯಲ್ಲೂ ಬಣ್ಣದ ಕೊಳಚೆಯಲ್ಲೂ ಹುಟ್ಟುತ್ತದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅದು 10 ಪಾಲು ಇದ್ದರೇ ಮೀಟರು ಕೂಗಬೇಕು. 700 ಪಾಲಿದ್ದರೆ ಮನುಷ್ಯ ಸ್ವಲ್ಪ ಹೊತ್ತಿನಲ್ಲೇ ಸಾಯುತ್ತಾನೆ. ಆ 700 ಪಾಲಿನಿಂದ ಆಮ್ಲಜನಕ ಎಷ್ಟು ಇಳಿಯುತ್ತದೆ? 20.9ರಲ್ಲಿ ಒಂದು ಪುಟಾಣಿ ಚೂರು. ಆಕ್ಸಿಜನ್ ಮೀಟರಿನ ಕಣ್ಣಿಗೆ ಅದು ಕಾಣುವುದೇ ಇಲ್ಲ. ಮೂಗನ್ನು ನಂಬುವಂತೆಯೂ ಇಲ್ಲ. ಸುಮಾರು 100 ಪಾಲಾಗುತ್ತಲೇ ಈ ಅನಿಲ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ, ನಾತ ಹೋಯಿತೆಂದು ಮನುಷ್ಯ ಧೈರ್ಯದಿಂದ ಇಳಿಯುತ್ತಾನೆ. ಬಾವಿಯೊಳಗೆ ಎಂಜಿನ್ ಪಂಪು ಇಳಿಸಿ ಓಡಿಸಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡೂ ಇಂಥದ್ದೇ, ಅದಕ್ಕೆ ವಾಸನೆಯೂ ಇಲ್ಲ. ಆದಕಾರಣ ನಾಲ್ಕು ಅನಿಲದ ಮೀಟರೇ ಬೇಕೆಂದು ಕೇಳಿರಿ: ಆಮ್ಲಜನಕ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮಾನಾಕ್ಸೈಡ್, ಸಿಡಿಯುವ ಅನಿಲ. ಉಸಿರೂದುವ ಪರೀಕ್ಷೆ ಆಮ್ಲಜನಕಕ್ಕೆ ಮಾತ್ರ. ಮಿಕ್ಕ ಮೂರಕ್ಕೆ ಸಿಲಿಂಡರಿನ ಗ್ಯಾಸೇ ಬೇಕು.

ಹಾಗೆಯೇ ಒಂದು ಸಲ ನೋಡಿ ಮೀಟರನ್ನು ಜೇಬಿಗಿಡುವುದಲ್ಲ. ಕೆಸರನ್ನು ಕಲಕಿದಾಗಲೇ ಅಡಗಿದ್ದ ಅನಿಲ ಎದ್ದುಬರುವುದು. ಇಳಿದವನ ಎದೆಯ ಮೇಲೆ ಅದು ಕೆಲಸ ಮುಗಿಯುವ ತನಕ ಓಡುತ್ತಲೇ ಇರಬೇಕು.

ಕಾನೂನಿನ ಮಾತು ಎರಡೇ. 1948ರ ಫ್ಯಾಕ್ಟರಿ ಕಾಯಿದೆಯ 36ನೇ ಕಲಮಿನಲ್ಲಿ, ಅನಿಲದ ಭಯವಿರುವ ತೊಟ್ಟಿ ಗುಂಡಿಗೆ ಯಾರನ್ನಾದರೂ ಇಳಿಸಬೇಕಾದರೆ, ತಿಳಿದವರೊಬ್ಬರು ತಾವೇ ಪರೀಕ್ಷೆ ಮಾಡಿ ಬರಹದಲ್ಲಿ ಪತ್ರ ಕೊಟ್ಟಿರಬೇಕು, ಇಲ್ಲವೇ ಇಳಿಯುವವನು ಉಸಿರಾಟದ ಸಾಧನ ಧರಿಸಿ, ಸೊಂಟದ ಪಟ್ಟಿಗೆ ಕಟ್ಟಿದ ಹಗ್ಗದ ತುದಿಯನ್ನು ಹೊರಗಿರುವವನು ಹಿಡಿದಿರಬೇಕು ಎಂದಿತ್ತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ಕಾಯಿದೆ ಬದಲಾದರೂ ಪತ್ರ ಕೇಳುವ ವಾಡಿಕೆಯನ್ನು ನೀವು ಬಿಡಬೇಡಿರಿ. ‘ಬರೆದು ಕೊಡಿ ಸ್ವಾಮಿ’ ಎಂದರೆ ಸಾಕು, ಮೀಟರನ್ನು ಎರಡನೇ ಸಲ ನೋಡುವಂತಾಗುತ್ತದೆ. ಇನ್ನು ಮಲದ ಗುಂಡಿಗೆ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಅಲ್ಲಿ ಸತ್ತವರ ಮನೆಯವರಿಗೆ 10 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರ ಮಾರ್ಚ್ 27ರಂದು, ಪೆರುಂದುರೈಯ ಸಾವುಗಳಾದ ತಿಂಗಳಲ್ಲೇ, ಹೇಳಿತು. 2023ರ ಅಕ್ಟೋಬರ್ 20ರಂದು ಅದನ್ನು 30 ಲಕ್ಷಕ್ಕೆ ಏರಿಸಿತು. ದುಡ್ಡಿನ ಲೆಕ್ಕ ಹೇಳಿದೆವೆಂದು ತಪ್ಪು ತಿಳಿಯಬೇಡಿರಿ. ಕೇಳಲು ಗೊತ್ತಿಲ್ಲದ ಮನೆಗಳನ್ನು ಕಂಡಿದ್ದರಿಂದ ಹೇಳಿದೆವು.

ತಾಯಂದಿರಿಗೆ ಒಂದು ಮಾತು. ಮಗ ಫೋನು ಮಾಡಿ ‘ಅವ್ವಾ, ನಾಳೆ ತೊಟ್ಟಿ ತೊಳೆಯೋ ಕೆಲಸ, ಡಬ್ಬಲ್ ಕೂಲಿ’ ಎಂದರೆ, ಊಟ ಮಾಡಿದೆಯಾ ಎಂದು ಕೇಳಿದ ಮೇಲೆ ಇದನ್ನೂ ಕೇಳಿರಿ: ಮೀಟರು ಊದಿ ನೋಡಿದೆಯಾ ಮಗಾ? ಹಗ್ಗ ಹಿಡಿಯುವವರು ಯಾರು? ಅಷ್ಟು ಕೇಳಲು ಯಾವ ಓದೂ ಬೇಡ.

ಕೊನೆಗೆ ಒಬ್ಬ ತಂಗಿ ಎದ್ದು ಕೇಳಿದ ಪ್ರಶ್ನೆ: ‘ಒಳಗಿಳಿದವರು ಬಿದ್ದೇ ಬಿಟ್ಟರೆ ಮೇಲಿದ್ದವರು ಏನು ಮಾಡಬೇಕಣ್ಣ?’ ಇಳಿಯಬಾರದು. ಹಗ್ಗವಿದ್ದರೆ ಎಳೆಯಬೇಕು, ಇಳಿಯುವ ಮೊದಲೇ ಹಗ್ಗ ಕಟ್ಟಬೇಕೆನ್ನುವುದು ಇದಕ್ಕೇ. ಬ್ಲೋವರ್ ಇದ್ದರೆ ಹೊರಗಿನ ಗಾಳಿಯನ್ನು ಒಳಗೆ ಊದಿಸಬೇಕು. ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರನ್ನು ಮಾತ್ರ ಗುಂಡಿಗೆ ಬಿಡಬಾರದು. ಒಳಗೆ 23.5 ದಾಟಿದರೆ ಒಂದು ಕಿಡಿಗೆ ಬಟ್ಟೆಯೂ ಕೂದಲೂ ಹತ್ತಿ ಉರಿಯುತ್ತವೆ. ಮೀಟರು ಆ ಅಂಕಿಗೂ ಕೂಗುವುದು ಆದ್ದರಿಂದಲೇ. ಬೆಂಕಿ ಆರಿಸುವವರಿಗೆ 101, ಆಂಬುಲೆನ್ಸಿಗೆ 108. ಉಸಿರಾಟದ ಸಾಧನ ತೊಟ್ಟು ಇಳಿಯುವವರು ಅವರೇ. ಅವರು ಬರುವ ತನಕ ಓಡಿಬಂದ ಗೆಳೆಯರನ್ನೂ ಅಣ್ಣತಮ್ಮಂದಿರನ್ನೂ ಗುಂಡಿಯ ಬಾಯಿಂದ ಹಿಂದಕ್ಕೆ ಹಿಡಿದು ನಿಲ್ಲಿಸಿರಿ, ಬೈದರೂ ಹೊಡೆದರೂ ಬಿಡಬೇಡಿರಿ.